ಬೊಚ್ಚುಬಾಯಿ ಅಜ್ಜನ ಚಕ್ಕುಲಿ

ಹಯವದನರಾಯರು ಬೆಚ್ಚಿಬಿದ್ದರು. "ಏನಮ್ಮಾ ಇದು! ಎಲ್ಲರೂ ಖಡ್ಗವೀರರಾಗಿರುವಾಗ ನೀನು ಬೊಚ್ಚುಬಾಯಿ ಅಜ್ಜನೇ?"

ಭಾನುವಾರ ಬಂತೆಂದರೆ ರಾಯರ ಮನೆಯಲ್ಲಿ ದಾಳದ ಆಟ. ಆಡುವವರಿಗೆ ಒಂದೊಂದು ಪಾತ್ರ, ಕಥೆ ನಡೆಸುವವರು ರಾಯರು. ಪಾತ್ರಗಳೆಲ್ಲ ಸತ್ತರೆ ಆಡಿದವರು ಕೂತು ರಾಯರ ಕವನ ಕೇಳಬೇಕು. ಇದುವರೆಗೆ ಒಬ್ಬರೂ ಬದುಕಿ ಉಳಿದದ್ದಿಲ್ಲ.

"ಅಜ್ಜನೇ ಇರಲಿ ರಾಯರೇ," ಎಂದಳು ಅಂಚೆ ಕಚೇರಿಯ ಗುಮಾಸ್ತೆ.

ರಾಯರು ಕಥೆಯೊಳಗೆ ಬ್ರಹ್ಮರಾಕ್ಷಸನನ್ನು ಇಳಿಸಿದರು. "ಯಾವ ಆಯುಧವೂ ನಾಟೋದಿಲ್ಲ! ಮಹಾ ಪಂಡಿತ. ಸತ್ತರೂ ಆಚಾರ ಬಿಟ್ಟವನಲ್ಲ!"

ನಿಜಕ್ಕೂ ಯಾವುದೂ ನಾಟಲಿಲ್ಲ. ಖಡ್ಗವೀರರೆಲ್ಲ ಮಣ್ಣು ಮುಕ್ಕಿದರು. ಅಜ್ಜನೊಬ್ಬ ಉಳಿದ. ರಾಯರು ಆಗಲೇ ಕವನದ ಪುಸ್ತಕ ತೆಗೆದು ಕನ್ನಡಕ ಒರೆಸಿಕೊಂಡರು.

"ಅಜ್ಜ ರಾಕ್ಷಸನನ್ನ ಊಟಕ್ಕೆ ಕರೀತಾನೆ," ಎಂದಳು ಗುಮಾಸ್ತೆ. "ಎಲೆ ಹಾಕಿದೆ. ಪಕ್ಕದಲ್ಲೇ ತಾನೂ ಕೂರ್ತಾನೆ."

ರಾಯರು ನಕ್ಕರು. "ಕರೆದ ಊಟ ಯಾರು ಬಿಡ್ತಾರೆ? ಕೂತ, ಉಂಡ, ತೇಗಿದ. ಈಗ ಎದ್ದು ನಿನ್ನ ಅಜ್ಜನನ್ನೂ..."

"ಏಳೋದು ಹೇಗೆ ರಾಯರೇ? ಪಂಕ್ತಿಯಲ್ಲಿ ಒಬ್ಬರು ಇನ್ನೂ ಉಣ್ತಿರುವಾಗ ಆಚಾರವಂತರು ಏಳ್ತಾರಾ? ಅಜ್ಜನ ಎಲೇಲಿ ಚಕ್ಕುಲಿ ಉಳಿದಿದೆ."

ರಾಕ್ಷಸ ಆಚಾರವಂತ ಎಂದು ಡಂಗುರ ಸಾರಿದವರು ರಾಯರೇ. ಕೈಯಿಂದ ಪುಸ್ತಕ ಜಾರಿತು.

"ಅ... ಅಜ್ಜನ ಚಕ್ಕುಲಿ ಮುಗಿಯೋದು ಯಾವಾಗ?"

"ಹಲ್ಲು ಬಂದ ಮೇಲೆ."