ದೊಡ್ಡ ಅಳತೆಯ ಬಳೆ

"ಗುರುಗಳೇ, ಫೋನಿನ ವಿಡಿಯೋದಲ್ಲಿ ಒಬ್ಬ ವೈದ್ಯರು ಹೇಳುವ ಆರೈಕೆಯನ್ನು ಲಕ್ಷಾಂತರ ಜನ ಮಾಡುತ್ತಿದ್ದಾರೆ. ಅಷ್ಟು ಜನರಿಗೆ ಒಳ್ಳೆಯದಾದದ್ದು ನನಗೆ ಮಾತ್ರ ಹೇಗೆ ಕೆಟ್ಟದಾದೀತು?" ಎಂದು ಶಿಷ್ಯ ಕೇಳಿದ.

"ಲಕ್ಷ ಜನ ನೋಡಿದ್ದಾರೆ ಅನ್ನು. ಒಳ್ಳೆಯದಾಯಿತೆಂದು ನಿನ್ನ ಬಳಿ ಬಂದು ಹೇಳಿದವರು ಯಾರಪ್ಪಾ?" ಎಂದು ಗದರಿಕೊಂಡೇ ಗುರುಗಳು ಈ ಕತೆ ಹೇಳಿದರು.

ಬಳೆ ಮಾರಿ ಬದುಕುವವನೊಬ್ಬನಿದ್ದ. ಬಾಯಲ್ಲಿ ಹೇಳಿದ ಅಳತೆಗೆ ಅವನು ಬಳೆ ಕೊಡುತ್ತಿರಲಿಲ್ಲ. ಕೈ ಹಿಡಿದು, ಗೆಣ್ಣು ಒತ್ತಿ ನೋಡಿದ ಮೇಲೆಯೇ ಬಳೆಯ ಮಲಾರ ಬಿಚ್ಚುತ್ತಿದ್ದ. ಊರಲ್ಲಿಲ್ಲದ ಮಗಳಿಗೆಂದು ಯಾರಾದರೂ ಕೇಳಿದರೆ, "ಮೊದ್ಲು ಕೈ ಬರ್ಲಿ ತಾಯಿ, ಆಮೇಲೆ ಬಳೆ" ಎನ್ನುತ್ತಿದ್ದ. ಹೆಂಗಸರು ಅವನನ್ನು ಹಟಮಾರಿ ಎಂದು ರೇಗಿಸುತ್ತಿದ್ದರು. ಆದರೂ ಅವನ ಹತ್ತಿರವೇ ತೊಡಿಸಿಕೊಳ್ಳುತ್ತಿದ್ದರು.

ಒಂದು ಗೌರಿಹಬ್ಬಕ್ಕೆ ಹೆಂಡತಿಗೆ ಬಳೆ ತೊಡಿಸಲು ಕೂತ. ಎಂದಿನ ಅಳತೆಯ ಬಳೆ ಗೆಣ್ಣಿನಲ್ಲೇ ನಿಂತಿತು. ಕೈ ಒತ್ತಿ ನೋಡಿದ. ಬೆರಳಿಟ್ಟ ಜಾಗ ತಗ್ಗಾಗಿ ಹಾಗೆಯೇ ಉಳಿಯಿತು. ಅವನಿಗೆ ಗಾಬರಿಯಾಯಿತು.

"ಕೈಯೆಲ್ಲ ಊದ್ಕೊಂಡೈತಲ್ಲೇ! ನಾಳೆ ಆಸ್ಪತ್ರೆಗೆ ಹೋಗಿ ತೋರ್ಸಾಣ."

"ಅಯ್ಯೋ, ಸುಮ್ನಿರಿ. ಫೋನಲ್ಲಿ ಡಾಕ್ಟ್ರು ಹೇಳವ್ರೆ, ಮೈಯೊಳಗಿನ ಕಲ್ಮಶವೇ ಹಿಂಗೆ ಊತ ಆಗೋದಂತೆ. ಬೆಳಿಗ್ಗೆ ಎದ್ದು ಹೊಟ್ಟೆ ತುಂಬ ಬಿಸಿನೀರು ಕುಡಿದ್ರೆ ಎಲ್ಲ ತೊಳ್ಕೊಂಡು ಹೋಗುತ್ತಂತೆ. ಬೇಕಾದ್ರೆ ನೀವೇ ಕೇಳಿ."

ಅವನೂ ಕೇಳಿದ. ಬಿಳಿ ಕೋಟು, ನಗುಮುಖ, ತಡವರಿಸದ ಮಾತು. ಬಳೆಗಾರನ ಗಾಬರಿ ಇಳಿಯಿತು. ಮರುದಿನದಿಂದ ತಾನೇ ಬೇಗ ಎದ್ದು ನೀರು ಕಾಯಿಸಿ, ತಂಬಿಗೆ ತುಂಬಿಸಿ ಅವಳಿಗೆ ಕೊಟ್ಟ. ಪ್ರೀತಿಯಿಂದಲೇ ಕೊಟ್ಟ, ಪಾಪ.

ಅವಳಿಗೆ ಸುಸ್ತು ಹೆಚ್ಚಾಯಿತು. ಕಲ್ಮಶ ಹೊರಡುವಾಗ ಸುಸ್ತಾಗುವುದು ಸಹಜ ಎಂದೂ ಫೋನಿನಲ್ಲಿ ಹೇಳಿದ್ದರು. ಬೇರೆಯವರ ಮನೆಯಾಗಿದ್ದರೆ ಬಳೆ ಕೈಗೆ ಕಚ್ಚಿದಾಗಲಾದರೂ ಎಚ್ಚರವಾಗುತ್ತಿತ್ತು. ಬಳೆಗಾರನ ಮನೆಯಲ್ಲಿ ಬಳೆಗೇನು ಬರ? ಬಿಗಿಯಾದಾಗಲೆಲ್ಲ ಒಂದು ಅಳತೆ ದೊಡ್ಡದು ತಂದು ತೊಡಿಸಿದ. ಅವಳೂ ಗಂಡ ಹೊಸ ಬಳೆ ತೊಡಿಸಿದನೆಂದು ಓಣಿಯವರಿಗೆಲ್ಲ ತೋರಿಸಿ ಬಂದಳು.

ಉಸಿರಾಡಲು ಕಷ್ಟವಾದ ದಿನ ಅವಳನ್ನು ಆಸ್ಪತ್ರೆಗೆ ಒಯ್ದರು. ಅಲ್ಲಿನ ವೈದ್ಯೆ ಬಹಳ ಹೊತ್ತು ನೋಡಿದರು.

"ಕಿಡ್ನಿ ಸೋತಿದೆ. ನೀರನ್ನು ಹೊರಗೆ ಹಾಕಲಾರದ ಮೈಗೆ ನೀರನ್ನೇ ಸುರಿದಿದ್ದೀರಿ. ಊತ ಕಂಡಾಗಲೇ ಬಂದಿದ್ದರೆ ಏನಾದರೂ ಮಾಡಬಹುದಿತ್ತು" ಎಂದರು.

ಅವಳು ಉಳಿಯಲಿಲ್ಲ. ಊದಿದ ಕೈಯ ಬಳೆಗಳನ್ನು ಆಸ್ಪತ್ರೆಯಲ್ಲೇ ಒಡೆದು ತೆಗೆದಿದ್ದರು. ಮುತ್ತೈದೆಯನ್ನು ಬರಿಗೈಯಲ್ಲಿ ಕಳಿಸಬಾರದೆಂದು ಹೆಂಗಸರು ಹಸಿರು ಬಳೆ ಕೇಳಿದರು. ಮಲಾರದಲ್ಲಿದ್ದ ಎಲ್ಲಕ್ಕಿಂತ ದೊಡ್ಡ ಬಳೆಯೂ ಅವಳ ಕೈಗೆ ಏರಲಿಲ್ಲ. ಬಳೆಗಾರ ಆ ಕೈಯನ್ನು ಹಿಡಿದುಕೊಂಡು ಬಿಕ್ಕಿ ಬಿಕ್ಕಿ ಅತ್ತ.

ಇಷ್ಟು ಹೇಳುವಷ್ಟರಲ್ಲಿ ಗುರುಗಳ ದನಿ ಇಳಿದುಹೋಗಿತ್ತು. ಶಿಷ್ಯನಿಗೆ ಮಾತ್ರ ಸಿಟ್ಟು ಬಂದಿತ್ತು.

"ಹಾಗಾದರೆ ತಪ್ಪೆಲ್ಲ ಆ ಫೋನಿನವನದೇ ತಾನೇ?" ಎಂದ.

"ಅವನಿಗೆ ಅವಳ ಕೈ ಕಾಣುತ್ತಿರಲಿಲ್ಲ ಮಗೂ, ಹಿಡಿದು ನೋಡಿದ್ದವನು ಗಂಡ."