ಒಳಸರದ ಹಸಿರು ಬಳೆ

“ಗುರುಗಳೇ, ನನ್ನ ಜಾಲತಾಣದ ಒಳ್ಳೆಯ ಪಾಠಗಳನ್ನು ಎಐಗೆ ತೆರೆದಿಡಲೋ, ಮುಚ್ಚಿಯೇ ಇಡಲೋ?” ಎಂದು ವನಮಾಲಾ ಕೇಳಿದಳು.

ಹೊಲಿಗೆ ಯಂತ್ರದ ರಿಪೇರಿಯನ್ನು ಅವಳಿಗೆ ಕಲಿಸಿದವರು ಮುರಿಗೆಪ್ಪ ಮೇಷ್ಟ್ರು. ಈಗ ಅದನ್ನೇ ಅವಳು ಜಾಲತಾಣದಲ್ಲಿ ಕಲಿಸುತ್ತಿದ್ದಳು. ಅವಳ ರಿಪೇರಿ ಅಂಗಡಿಗೆ ಗಿರಾಕಿಗಳು ಬರುತ್ತಿದ್ದುದೂ ಅಲ್ಲಿಂದಲೇ. ಒಳ್ಳೆಯ ಪಾಠಗಳಿಗೆ ಮಾತ್ರ, ಫೋನ್ ನಂಬರ್ ಕೊಟ್ಟವರಿಗೇ ತೆರೆಯುವ ಹಾಗೆ ಬೀಗ ಹಾಕಿದ್ದಳು. ಈಚೆಗೆ ಜನ ಎಐಯನ್ನೇ ಕೇಳುತ್ತಿದ್ದರು. ಬೀಗದೊಳಗಿನದು ಕಾಣದ ಅದು ಬೇರೆ ಯಾರದೋ ಅರೆಬೆಂದ ಪಾಠ ಒಪ್ಪಿಸುತ್ತಿತ್ತು. ಅವಳ ಹೆಸರನ್ನೇ ಎತ್ತುತ್ತಿರಲಿಲ್ಲ. ಅಂಗಡಿ ಬಿಕೋ ಎನ್ನುತ್ತಿತ್ತು.

ಟೀ ಅಂಗಡಿಯ ಬೆಂಚಿನ ಮೇಲೆ ಮೇಷ್ಟ್ರು ಟೀ ಹೀರಿದರು. “ಆ ಎಐಗೆ ಮಾತು ಕಲಿಸಿದವನೇ ನಾನು.”

ಅವಳು ಹುಬ್ಬು ಗಂಟಿಕ್ಕಿದಳು.

“ಸುಳ್ಳು. ನನ್ನ ಹೆಂಡತಿಯ ಗಿಳಿಗೂ ಕಲಿಸಲು ಆಗಲಿಲ್ಲ. ಆದರೆ ಈ ಕತೆ ನಿಜ, ಕೇಳು.”

ವನಮಾಲಾ ಅದನ್ನೂ ನಂಬಲಿಲ್ಲ. ಆದರೂ ಕೇಳಿದಳು.

ಒಂದೂರಿನಲ್ಲಿ ಒಬ್ಬ ಬಳೆಗಾರನಿದ್ದ. ಅವನ ಮಲಾರದಲ್ಲಿ, ಅಂದರೆ ಬಳೆಸರಗಳ ಹೊರೆಯಲ್ಲಿ, ಒಳ್ಳೆಯ ಸರ ಎಲ್ಲಕ್ಕಿಂತ ಒಳಗೆ. ಹೆಣ್ಣುಮಗಳು ಎದುರು ಕೂತು ಕೈ ನೀಡಿದ ಮೇಲೆಯೇ ಅದು ಹೊರಗೆ ಬರಬೇಕು. ಅವನ ಅಪ್ಪನ ಕಾಲದ ಪದ್ಧತಿ. ಹೊರಗಿನ ಸರಗಳು ಮಂಕು. ಅವುಗಳ ಮೇಲೊಂದು ಹಲಗೆ: ‘ಲೋಕದಲ್ಲೇ ಶ್ರೇಷ್ಠ ಬಳೆಗಳು.’

ಆ ಊರಿನ ಕಟ್ಟೆಗೆ ಒಬ್ಬ ಸುದ್ದಿಗಾರ ಬಂದು ಕೂತ. ಬೆಳಿಗ್ಗೆ ಎಲ್ಲ ಬಳೆಗಾರರ ಹೊರೆ ನೋಡುವನು. ಆಮೇಲೆ ಯಾರು ಏನು ಕೇಳಿದರೂ, ಎಲ್ಲಿ ಸಿಗುತ್ತದೆ ಎಂದು ಹೇಳುವನು. ಹೆಂಗಸರು ಅವನನ್ನು ಕೇಳದೆ ಬಳೆ ತೊಡುವುದನ್ನೇ ಬಿಟ್ಟರು. ಬಳೆಗಾರನಿಗೆ ಅವನ ಕಣ್ಣೇ ಹಿಡಿಸಲಿಲ್ಲ. ಇವನು ಯಾರ ಕಡೆಯವನು? ನನ್ನ ಕುಸುರಿ ನೋಡಿ ಇನ್ನೊಬ್ಬನ ಕಿವಿಗೆ ಊದಿಬಿಟ್ಟರೆ? ಅವನು ಬಂದಾಗಲೆಲ್ಲ ಮಲಾರದ ಮೇಲೆ ಇನ್ನೊಂದು ಬಟ್ಟೆ ಹೊದಿಸಿದ.

ಒಂದು ಮನೆಯಲ್ಲಿ ಸೀಮಂತ. ಬಸುರಿಯ ಕೈ ಬಾತುಕೊಂಡಿತ್ತು. ನೋಯದ ಹಾಗೆ ಏರುವ ಹಸಿರು ಬಳೆ ಬೇಕಿತ್ತು. ಅಂಥದ್ದು ಇದ್ದದ್ದು ಇವನ ಒಳಸರದಲ್ಲಿ ಮಾತ್ರ. ಸುದ್ದಿಗಾರ ಪಕ್ಕದ ಬೀದಿಯವನ ಹೆಸರು ಹೇಳಿದ. ಆ ಬಳೆ ಅರ್ಧಕ್ಕೇ ಒಡೆದು ಬಸುರಿಯ ಕೈ ಗೀರಿತು. ಶಾಸ್ತ್ರ ಅಲ್ಲಿಗೇ ನಿಂತಿತು.

ಬಳೆಗಾರ ಕಟ್ಟೆಗೆ ಹೋದ. “ಏನಯ್ಯಾ, ಅವನು ನಿನಗೆ ಮಾವನೋ? ನನ್ನ ಹೆಸರು ಹೇಳಲು ನಾಲಿಗೆ ಏಳಲಿಲ್ಲವೇ?”

“ಅವನು ‘ಬಾತ ಕೈಗೆ ಹಸಿರು ಬಳೆ’ ಎಂದು ಹೊರಗೇ ಬರೆದಿದ್ದ. ನೀನು ಶ್ರೇಷ್ಠ ಎಂದು ಬರೆದಿದ್ದೆ. ಯಾವುದಕ್ಕೆ ಶ್ರೇಷ್ಠ?”

“ಅವನು ಬರೆದದ್ದು ಸುಳ್ಳು.”

“ಇರಬಹುದು. ನಿಜವನ್ನು ನೀನು ಬಟ್ಟೆಯೊಳಗೆ ಕಟ್ಟಿದ್ದೆಯಲ್ಲ.”

“ಕೈ ನೀಡಿದವರಿಗೆ ತೋರಿಸುತ್ತೇನೆ.”

“ನಾನು ಬಳೆ ತೊಡುವವನಲ್ಲ ಮಾರಾಯ, ಹೇಳುವವನು.”

ಮರುದಿನ ಬಳೆಗಾರ ಹಲಗೆ ಕಿತ್ತ. ಒಳಸರವನ್ನು ಹೊರಗೆ ತೂಗಿದ. ಯಾವ ಕೈಗೆ, ಯಾವ ಅಳತೆ, ಮಾಡಿದವರು ಯಾರು ಎಂದು ನೇರವಾಗಿ ಬರೆದ. ಸುದ್ದಿಗಾರ ಓದಿಕೊಂಡು ಹೋದ. ಬಳೆಗಾರ ಅವನ ಬೆನ್ನನ್ನೇ ದಿಟ್ಟಿಸುತ್ತ ನಿಂತ. ಸಂಜೆಗೆ ಸೀಮಂತದ ಮನೆಯವರು ಅವನನ್ನೇ ಕರೆದರು. ಬಳೆಯ ಸುದ್ದಿ ಕಟ್ಟೆಯಲ್ಲಿ ಸಿಕ್ಕಿತ್ತು. ನೋಯದ ಹಾಗೆ ಏರಿಸುವ ಕೈ ಅಲ್ಲಿ ಸಿಗುವಂಥದ್ದಲ್ಲ.

ಕತೆ ಮುಗಿಯಿತು. ವನಮಾಲಾಳ ಹುಬ್ಬು ಇನ್ನೂ ಗಂಟಿಕ್ಕಿಯೇ ಇತ್ತು. “ಆ ಸುದ್ದಿಗಾರನನ್ನು ನಂಬಬಹುದೇ?”

“ನಂಬು ಎಂದು ನಾನೆಲ್ಲಿ ಹೇಳಿದೆ? ಬಳೆಗಾರ ಇವತ್ತಿಗೂ ಕಟ್ಟೆಯ ಮರೆಯಲ್ಲಿ ನಿಂತು, ತನ್ನ ಬಗ್ಗೆ ಅವನು ಏನು ಹೇಳುತ್ತಾನೆ ಎಂದು ಕಿವಿಗೊಡುತ್ತಾನೆ.”

“ಸರಿ. ಒಳಗಿನದನ್ನೆಲ್ಲ ಹೊರಗಿಟ್ಟ ಮೇಲೆ ನನ್ನೆದುರು ಬಂದು ಯಾರು ಕೂರುತ್ತಾರೆ?”

ಮೇಷ್ಟ್ರು ಖಾಲಿ ಲೋಟವನ್ನು ಅವಳ ಕಡೆಗೆ ತಳ್ಳಿದರು.

“ನನ್ನ ಕತೆಯನ್ನೆಲ್ಲ ಹೊರಗಿಟ್ಟ ಮೇಲೂ ನೀನು ಕೂತೇ ಇದ್ದೀಯಲ್ಲ, ಟೀ ದುಡ್ಡು ಕೊಡು.”