ಕೆಂಚವ್ವ ಮುಳ್ಳುಬೇಲಿ ಕಿತ್ತಿದ್ದು

ನಮ್ಮಜ್ಜಿಯ ಅಜ್ಜಿಗೂ ಹಿಂದೆ, ಒಂದಾನೊಂದು ಕಾಲದಲ್ಲಿ, ಗಟ್ಟದ ಮೇಲೊಬ್ಬ ರಾಜ, ಗಟ್ಟದ ಕೆಳಗೊಬ್ಬ ರಾಜ ಇದ್ರಂತೆ ಪುಟ್ಟಿ. ಮೇಲಿನೋರ ಹತ್ರ ಬೆಲ್ಲ, ಕೆಳಗಿನೋರ ಹತ್ರ ಸಮುದ್ರದ ಉಪ್ಪು. ಕೆಂಚವ್ವ ಅನ್ನೋಳು ಮೂರು ಎತ್ತಿನ ಬೆನ್ನಿಗೆ ಬೆಲ್ಲ ಹೇರ್ಕೊಂಡು ಇಳಿಯೋಳಂತೆ, ಉಪ್ಪು ಹೇರ್ಕೊಂಡು ಹತ್ತೋಳಂತೆ. ಗಂಡ ಸತ್ತ ಮೇಲೆ ಅವಳಿಗೆ ಆ ಎತ್ತುಗಳೇ ಮನೆ, ಮಕ್ಕಳು, ಎಲ್ಲಾ.

ಹಿಂಗಿರುವಾಗ ಮೇಲಿನ ರಾಜನಿಗೆ ಮಂತ್ರಿ ಕಿವಿಯೂದಿದನಂತೆ, ಕೆಳಗಿನೋರು ನಮಗೆ ಉಪ್ಪು ಮಾರಿ ಮಾರಿ ಕೊಬ್ಬಿದಾರೆ ಬುದ್ಧಿ, ಸುಂಕ ಹಾಕಿ ಅಂತ. ರಾಜ ಗಟ್ಟದ ಬಾಯಲ್ಲಿ ಸುಂಕದ ಕಟ್ಟೆ ಕಟ್ಟಿಸಿ ಡಂಗುರ ಸಾರಿಸಿದನಂತೆ: ಕೊಡೋರು ಕೆಳಗಿನೋರು, ಉಣ್ಣೋರು ನಾವು! ಜನ ಕುಣಿದಾಡಿದ್ರಂತೆ. ಆಮೇಲೆ ಕೆಂಚವ್ವ ಬಂದ್ರೆ ಮೂರು ಮೂಟೇಲಿ ಒಂದನ್ನ ಇಳಿಸ್ಕೊಂಡೇ ಬಿಟ್ರಂತೆ. ಉಳಿದಿದ್ದನ್ನ ಅವಳು ಜಾಸ್ತಿ ಬೆಲೆಗೆ ಮಾರಬೇಕಾಯ್ತು. ಊರೋರೆಲ್ಲ ಅವಳ ಮೇಲೇ ಬಿದ್ರಂತೆ, ಕಳ್ಳಿ ಕಣೇ ನೀನು ಅಂತ. ಅಯ್ಯೋ, ಕಳ್ಳಿ ನಾನಾ, ಅಂತ ಅವಳು ಎತ್ತು ಹೊಡ್ಕೊಂಡು ಹೋದ್ಲಂತೆ.

ಕೆಳಗಿನ ರಾಜ ಸುಮ್ನಿರ್ತಾನಾ? ಅವನೂ ಬೆಲ್ಲದ ಮೇಲೆ ಸುಂಕ ಜಡಿದನಂತೆ. ಮೇಲಿನವನು ರೇಗಿ ಎರಡು ಮೂಟೆ ಇಳಿಸಿ ಅಂದನಂತೆ. ಬೆಲ್ಲ ಕೊಳ್ಳೋರಿಲ್ಲದೆ ಆಲೆಮನೆಗಳು ಆರಿ ಹೋದವಂತೆ, ಹೆಂಗಸರು ಸಪ್ಪೆ ಮುದ್ದೆ ತಿರುವಿದ್ರಂತೆ. ಆಮೇಲೆ ಮೂರನೇ ಸಲ ಆ ಮೇಲಿನ ಮಾರಾಯ ದಾರಿಗೇ ಮುಳ್ಳುಬೇಲಿ ಹಾಕಿಸಿಬಿಟ್ಟನಂತೆ.

ಕೆಂಚವ್ವ ಉಪ್ಪು ಹೇರ್ಕೊಂಡು ಹತ್ತಿ ಬಂದ್ರೆ ಬೇಲಿ. ಕಾವಲಿನೋರ ಕಾಲಿಗೆ ಬಿದ್ಲಂತೆ, ಅಣ್ಣಾ, ಉಪ್ಪೆಲ್ಲ ನೀವೇ ಇಟ್ಕೊಳ್ಳಿ, ನನ್ನ ಎತ್ತಿಗೆ ಒಂದ್ ತೊಟ್ಟು ನೀರು ಕೊಡಿ ಅಂತ. ಅಪ್ಪಣೆ ಇಲ್ಲ ಅಂದ್ರಂತೆ. ಸುಡೋ ಬಿಸಿಲಲ್ಲಿ ಕೆಂದ ಅನ್ನೋ ಅವಳ ಮುದಿ ಎತ್ತು ಮೊಣಕಾಲೂರಿ, ಅವಳ ಮುಖ ನೋಡ್ತಾ ನೋಡ್ತಾ ಪ್ರಾಣ ಬಿಡ್ತಂತೆ.

ಅವಳು ಅಳಲಿಲ್ಲ ಪುಟ್ಟಿ. ಬರಿಗೈಯಲ್ಲಿ ಬೇಲಿ ಹಿಡಿದು ಕೂಗ್ತಾ ಎಳೆದ್ಲಂತೆ. ಅಂಗೈಯೆಲ್ಲಾ ರಕ್ತ. ಅವಳ ಕೂಗು ಕೇಳಿ ಆ ಕಡೆಯಿಂದ ಆಲೆಮನೆಯೋರು, ಈ ಕಡೆಯಿಂದ ಉಪ್ಪು ಬೇಯಿಸೋರು ಕುಡುಗೋಲು ಹಿಡ್ಕೊಂಡು ಓಡಿಬಂದ್ರಂತೆ. ಸುದ್ದಿ ತಿಳಿದು ಮೇಲಿನ ರಾಜ ಕುದುರೆ ಏರಿ ಬಂದ. ಯಾರವಳು ಸೊಕ್ಕಿನೋಳು ಅಂದ.

ನಾನೇ, ಇಳಿಯೋ ಕುದುರೆಯಿಂದ, ಅಂದ್ಲಂತೆ. ಎಳ್ಕೊಂಡ್ಹೋಗಿ ಕಟ್ಟೆಯ ಉಗ್ರಾಣ ತೋರಿಸಿದ್ಲಂತೆ. ಕಿತ್ಕೊಂಡ ಉಪ್ಪೆಲ್ಲ ಹಿಂದಿನ ಮಳೇಲಿ ಸೂರು ಸೋರಿ ಕರಗಿ ಚರಂಡಿಗೆ ಹರಿದಿತ್ತು.

"ಕೊಡೋರು ಕೆಳಗಿನೋರು ಅಂದ್ಯಲ್ಲ, ಯಾವನು ಕೊಟ್ಟ? ತೋರ್ಸು! ನನ್ನ ಮೂಟೆ ಕಿತ್ಕೊಂಡೆ, ನಿನ್ನ ಜನದ ಬಾಯಿಂದ ಉಪ್ಪು ಕಿತ್ಕೊಂಡೆ. ಅದನ್ನ ನೀನೂ ತಿನ್ನಲಿಲ್ಲ!"

ರಾಜ ಹಿಂದೆ ತಿರುಗಿ ನೋಡಿದ್ರೆ ಅವನ ಕಾವಲಿನೋರೂ ಬೇಲಿ ಕೀಳ್ತಾ ಇದ್ರಂತೆ, ಅವರ ಮನೇಲೂ ಉಪ್ಪಿರಲಿಲ್ಲ. ಅವತ್ತೇ ಕೆಳಗಿನ ರಾಜನಿಗೆ ಓಲೆ ಕಳಿಸಿದನಂತೆ.

ಆಮೇಲೆ ರಾಜರಿಬ್ರೂ ಕೂತು ಮಾತಾಡಿ, ಮೂಟೆಗೆ ಒಂದು ಬೊಗಸೆ ಸುಂಕ ಸಾಕು, ಅದೂ ದಾರಿಗೆ, ದಾರೀಲಿ ತೋಡೋ ಬಾವಿಗೆ ಅಂತ ಒಪ್ಕೊಂಡ್ರಂತೆ. ಆಲೆಮನೆ ಒಲೆ ಹತ್ತಿದವಂತೆ, ಮುದ್ದೆಗೆ ರುಚಿ ಬಂತಂತೆ. ಕೆಂಚವ್ವ ಹೊಸ ಹೋರಿ ತಗೊಂಡ್ಲಂತೆ. ಮೇಲಿನ ರಾಜ ಮಾತ್ರ ಗಟ್ಟದ ಬಾಯಲ್ಲಿ ಒಂದು ಕಲ್ಲು ನೆಡಿಸಿದನಂತೆ, ಪ್ರಜೆಗಳ ಮೇಲೆ ಕರುಣೆಯಿಟ್ಟು ದೊರೆಯೇ ಈ ದಾರಿ ತೆಗೆಸಿದನು ಅಂತ ಕೆತ್ತಿಸಿ. ಕೆಂಚವ್ವ ಅದನ್ನ ಯಾರ ಕೈಲೋ ಓದಿಸಿ ಕೇಳಿ, ಥೂ ಅಂತ ಉಗಿದು, ಹೋರೀನ ಅದೇ ಕಲ್ಲಿಗೆ ಕಟ್ಟಿ, ಬುತ್ತಿ ಬಿಚ್ಚಿದ್ಲಂತೆ.

ಅವಳ ಊಟ ಆಯ್ತು, ನನ್ನ ಕತೇನೂ ಮುಗೀತು. ಮಲ್ಕೋ ನನ್ ಬಂಗಾರ.